13-3: ಆ ಸೂಪರ್ ಬೌಲ್ ಸಪ್ಪೆ ಅಂದವರಿಗೆ ಒಂದು ಮಾತು

ಚಾರ್ಲ್ಸ್ ನದಿ ದಂಡೆ

ಮೊನ್ನೆ ಕನ್ನಡ ಕೂಟದ ಊಟದಲ್ಲಿ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ವರ್ಷದ ಫೈನಲ್ ಬಗ್ಗೆ ಮತ್ತೆ ಅದೇ ಮಾತು ಬಂತು. "ಸೂಪರ್ ಬೌಲ್‌ಗಳಲ್ಲೆಲ್ಲ ತೀರಾ ಸಪ್ಪೆ ಅಂದ್ರೆ ಅಟ್ಲಾಂಟಾದಲ್ಲಿ ಆಡಿದ್ದು" ಅಂತ ಒಬ್ಬರು ಹೇಳಿದರು. ಸುತ್ತ ಕೂತವರೆಲ್ಲ ಹೌದು ಹೌದು ಅಂದರು. ಎಲೆ ಮುಂದೆ ಕೂತು ವಾದ ಬೇಡ ಅಂತ ಸುಮ್ಮನಾದೆ. ಆದರೆ ಮನೆಗೆ ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2019ರ ಫೆಬ್ರುವರಿ 3. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 13, ಲಾಸ್ ಏಂಜಲಿಸ್ ರಾಮ್ಸ್ 3. ಎರಡೂ ತಂಡ ಸೇರಿ ಬರೀ 16 ಅಂಕ. ಅದಕ್ಕೆ ಮುಂಚೆ ಅತಿ ಕಡಿಮೆ ಅಂಕದ ಸೂಪರ್ ಬೌಲ್ ಅಂದರೆ 1973ರದ್ದು. ಮಯಾಮಿ ಡಾಲ್ಫಿನ್ಸ್ ವಾಷಿಂಗ್ಟನ್ನನ್ನು 14-7ಕ್ಕೆ ಸೋಲಿಸಿದ ಪಂದ್ಯ. ಅಟ್ಲಾಂಟಾದಲ್ಲಿ ಆಟದ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೂರು ಮುಗಿದರೂ ಒಂದು ಟಚ್‌ಡೌನ್ (ಎದುರಾಳಿಯ ಕಡೆಯ ಕೊನೆಯ ಜಾಗ, ಎಂಡ್ ಝೋನ್‌ಗೆ ಚೆಂಡು ಸೇರಿಸುವುದು) ಇರಲಿಲ್ಲ. ಬಂದ ಒಂದೇ ಒಂದು ಟಚ್‌ಡೌನ್ ಕೊನೆಯ ಕ್ವಾರ್ಟರ್‌ನಲ್ಲಿ, ಏಳು ನಿಮಿಷ ಉಳಿದಿದ್ದಾಗ.

ಬರೀ ಸ್ಕೋರ್ ನೋಡಿದರೆ ಸಪ್ಪೆ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ಎದುರಿಗೆ ಇದ್ದದ್ದು ಯಾರು ಅಂತ ನೋಡಿ. ಆ ಸೀಸನ್‌ನ 16 ಪಂದ್ಯಗಳಲ್ಲಿ ರಾಮ್ಸ್ ಹೊಡೆದದ್ದು 527 ಅಂಕ. ಪಂದ್ಯಕ್ಕೆ ಹತ್ತಿರ ಹತ್ತಿರ 33. ನವೆಂಬರ್‌ನಲ್ಲಿ ಇದೇ ರಾಮ್ಸ್ ಕ್ಯಾನ್ಸಸ್ ಸಿಟಿ ಚೀಫ್ಸ್ ಮೇಲೆ 54-51ಕ್ಕೆ ಗೆದ್ದಿತ್ತು. ಅವರ ಕೋಚ್ ಶಾನ್ ಮೆಕ್‌ವೇಗೆ ಆಗ 33 ವರ್ಷ. ಆಟದ ಮುಂದಿನ ದಾರಿ ಅವರದೇ ಅಂತ ಎಲ್ಲರೂ ಮಾತಾಡುತ್ತಿದ್ದ ಕಾಲ.

ಅಂಥ ತಂಡಕ್ಕೆ ಸೂಪರ್ ಬೌಲ್‌ನಲ್ಲಿ ಮೊದಲ ಎಂಟು ಸಲ ಚೆಂಡು ಸಿಕ್ಕಿತು. ಎಂಟು ಸಲವೂ ಪಂಟ್, ಅಂದರೆ ಚೆಂಡು ಒದ್ದು ಎದುರಾಳಿಗೆ ಬಿಟ್ಟುಕೊಡುವುದು. ಅರ್ಧ ಆಟ ಮುಗಿದಾಗ ಅವರು ಮುಂದೆ ಹೋಗಿದ್ದು ಒಟ್ಟು 57 ಗಜ. ಫಸ್ಟ್ ಡೌನ್, ಅಂದರೆ ಹತ್ತು ಗಜ ದಾಟಿ ಹೊಸ ಅವಕಾಶ ಗಳಿಸಿದ್ದು, ಎರಡೇ ಎರಡು.

ಅವತ್ತು ನಾವು ಏಳೆಂಟು ಮನೆಯವರು ಸ್ನೇಹಿತರ ಬೇಸ್‌ಮೆಂಟ್‌ನಲ್ಲಿ ಸೇರಿದ್ದೆವು. ದಾವಣಗೆರೆಯಿಂದ ಮಗನ ಮನೆಗೆ ಬಂದಿದ್ದ ಒಬ್ಬರು ಅಜ್ಜಿ ನನ್ನ ಪಕ್ಕದಲ್ಲೇ ಕೂತಿದ್ದರು. ಮೂರು ಪಂಟ್ ಆದ ಮೇಲೆ ಕೇಳಿದರು, "ಯಾಕಪ್ಪಾ, ಪ್ರತಿ ಸಲ ತಾವೇ ಒದ್ದು ಅವರ ಕೈಗೇ ಕೊಡ್ತಾರಲ್ಲ?" ನಾನು ಹೇಳಿದೆ, ಅಜ್ಜಿ, ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಮೂರರಲ್ಲಿ ಆಗಲಿಲ್ಲ ಅಂದರೆ, ನಾಲ್ಕನೆಯದರಲ್ಲಿ ಚೆಂಡನ್ನು ಆದಷ್ಟು ದೂರ ಒದ್ದು, ಎದುರಾಳಿ ದೂರದಿಂದ ಶುರು ಮಾಡುವ ಹಾಗೆ ಮಾಡುತ್ತಾರೆ. ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಹಂಗಾದ್ರೆ ತಡೆಯೋರೇ ಗೆಲ್ತಾ ಇದ್ದಾರೆ ಅನ್ನು" ಅಂದರು.

ನಾನು ಹೇಳಬೇಕಾದದ್ದೂ ಅಷ್ಟೇ. ಅವತ್ತು ಯಾರೂ ಕೆಟ್ಟದಾಗಿ ಆಡಲಿಲ್ಲ. ತಡೆಯುವವರು ಅಷ್ಟು ಚೆನ್ನಾಗಿ ಆಡಿದರು.

ಹಾಸನದ ಹುಡುಗ

ಸರ್, ನಮಗೆ ಇಲ್ಲಿ ಬೆಂಗಳೂರಿನಲ್ಲಿ ಅದು ಸೋಮವಾರ ಬೆಳಗಿನ ಜಾವ ಐದು ಗಂಟೆಗೆ ಶುರುವಾಯಿತು. ಅಲಾರಂ ಇಟ್ಟು ಎದ್ದಿದ್ದೆ. ಡಿಕಾಕ್ಷನ್ ಇಳಿಯುವುದರೊಳಗೆ ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಟಾಮ್ ಬ್ರೇಡಿ ಎಸೆದ ಮೊದಲ ಪಾಸೇ ಇಂಟರ್‌ಸೆಪ್ಟ್ ಆಯಿತು, ಎದುರಾಳಿ ಹಿಡಿದುಬಿಟ್ಟರು. ಆಮೇಲೆ ಪಂಟ್, ಪಂಟ್, ಪಂಟ್. ಹಾಫ್‌ಟೈಮ್‌ಗೆ 3-0. ನಾನು ಟಿವಿ ಆರಿಸಿ ಸ್ನಾನಕ್ಕೆ ಹೋದೆ.

ನೀವು ಹೇಳಿದ್ದು ಓದಿದ ಮೇಲೆ ಪೂರ್ತಿ ನೋಡಬೇಕಿತ್ತು ಅನ್ನಿಸುತ್ತಿದೆ. ಆದರೆ ಒಂದು ಅರ್ಥವಾಗಲಿಲ್ಲ. ಮೆಕ್‌ವೇ ಅಷ್ಟು ಜಾಣ ಅನ್ನುತ್ತೀರಿ. ಎರಡು ವಾರ ಸಮಯ ಇತ್ತು. ಒಂದು ಉಪಾಯ ನಡೆಯಲಿಲ್ಲ ಅಂದರೆ ಇನ್ನೊಂದು ಮಾಡಬಹುದಿತ್ತಲ್ವಾ? ಅಷ್ಟೂ ಹೊತ್ತು ಯಾಕೆ ಸಿಕ್ಕಿಹಾಕಿಕೊಂಡರು?

ಚಾರ್ಲ್ಸ್ ನದಿ ದಂಡೆ

ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಪಂದ್ಯದ ಹೂರಣ ಇರುವುದೇ ಇಲ್ಲಿ.

ರಾಮ್ಸ್ ಆಟದ ಗುಟ್ಟು ಏನೆಂದರೆ, ಅವರು ಹೆಚ್ಚುಕಡಿಮೆ ಪ್ರತಿ ಸಲ ಒಂದೇ ಥರ ನಿಲ್ಲುತ್ತಿದ್ದರು. ಪಾಸ್ ಹಿಡಿಯುವ ಮೂವರು ರಿಸೀವರ್, ಅಡ್ಡ ಹಾಕಲೂ ಪಾಸ್ ಹಿಡಿಯಲೂ ಬಲ್ಲ ಒಬ್ಬ ಟೈಟ್ ಎಂಡ್, ಚೆಂಡು ಹಿಡಿದು ಓಡುವ ಒಬ್ಬ ರನ್ನಿಂಗ್ ಬ್ಯಾಕ್. ನೋಡುವುದಕ್ಕೆ ಒಂದೇ, ಅದರಿಂದ ಹೊರಡುವ ಆಟ ಹತ್ತು ಥರ. ರನ್ನಿಂಗ್ ಬ್ಯಾಕ್ ಟಾಡ್ ಗರ್ಲಿ ಚೆಂಡು ಹಿಡಿದು ಸಾಲಿನ ಅಂಚಿನ ಕಡೆ ಓಡುವುದು ಮೊದಲನೆಯದು. ಅದನ್ನು ತಡೆಯಲು ಲೈನ್‌ಬ್ಯಾಕರ್‌ಗಳು (ಡಿಫೆನ್ಸ್‌ನ ಮುಂದಿನ ಸಾಲಿನ ಹಿಂದೆ ನಿಲ್ಲುವವರು) ಮುಂದೆ ನುಗ್ಗಿದರೆ, ಅದೇ ಓಟದ ನಾಟಕ ಮಾಡಿ ಅವರ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಪಾಸ್. ಅದರ ಜೊತೆಗೆ ಆಟ ಶುರುವಾಗುವ ಕ್ಷಣದಲ್ಲಿ ಒಬ್ಬ ರಿಸೀವರ್ ಅಡ್ಡಡ್ಡ ಓಡುತ್ತಾನೆ. ಅವನನ್ನು ಕಾಯುವವನೂ ಹಿಂದೆಯೇ ಓಡಬೇಕು. ಅಷ್ಟಾದರೆ ಡಿಫೆನ್ಸ್‌ನ ಸಾಲೇ ಕದಡಿಹೋಗುತ್ತದೆ.

ಪೇಟ್ರಿಯಟ್ಸ್ ಆ ವರ್ಷವೆಲ್ಲ ಜಾಸ್ತಿ ಆಡಿದ್ದು ಮ್ಯಾನ್ ಡಿಫೆನ್ಸ್. ಅಂದರೆ ನಿನಗೆ ಇವನು, ನನಗೆ ಅವನು ಅಂತ ಹಂಚಿಕೊಂಡು ಬೆನ್ನು ಹತ್ತುವುದು. ರಾಮ್ಸ್ ತಯಾರಾಗಿ ಬಂದದ್ದು ಅದಕ್ಕೆ. ಅಲ್ಲಿ ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್ ಮತ್ತು ಡಿಫೆನ್ಸ್ ನಡೆಸುತ್ತಿದ್ದ ಬ್ರಯನ್ ಫ್ಲೋರೆಸ್ ಪೂರ್ತಿ ಬೇರೆಯದೇ ತಂದರು. ಮುಂದಿನ ಸಾಲಿನಲ್ಲಿ ಆರು ಜನ, ಅವರ ಹಿಂದೆ ಒಬ್ಬನೇ ಲೈನ್‌ಬ್ಯಾಕರ್. ಇನ್ನೂ ಹಿಂದೆ ನಾಲ್ವರು, ಮೈದಾನವನ್ನು ನಾಲ್ಕು ಪಾಲು ಮಾಡಿಕೊಂಡು. ಯಾರ ಬೆನ್ನೂ ಹತ್ತುವುದಿಲ್ಲ. ಅವರವರ ಪಾಲಿನ ಜಾಗ ಕಾಯುತ್ತಾರೆ ಅಷ್ಟೇ. ಅಡ್ಡ ಓಡುವವನು ಓಡಿಕೊಳ್ಳಲಿ, ಇವರು ಕದಲುವುದಿಲ್ಲ. ಆರು ಜನ ಮುಂದೆ ಇರುವುದರಿಂದ ಅಂಚಿನ ಓಟಕ್ಕೆ ಎರಡೂ ಕಡೆ ಬಾಗಿಲು ಮುಚ್ಚಿತು. ಗರ್ಲಿಗೆ ಸಿಕ್ಕಿದ್ದು 10 ಓಟದಲ್ಲಿ 35 ಗಜ. ಓಟವೇ ಹೆದರಿಸದಿದ್ದರೆ ಓಟದ ನಾಟಕಕ್ಕೆ ಯಾರು ಮರುಳಾಗುತ್ತಾರೆ?

ಈ ಆರು ಜನರ ಉಪಾಯ ಪೂರ್ತಿ ಹೊಸದಲ್ಲ. ಅದರ ಹಿಂದಿನ ಡಿಸೆಂಬರ್‌ನಲ್ಲಿ ಶಿಕಾಗೋ ಬೇರ್ಸ್ ತಂಡದ ಡಿಫೆನ್ಸ್ ನಡೆಸುತ್ತಿದ್ದ ವಿಕ್ ಫ್ಯಾಂಜಿಯೋ ಇಂಥದ್ದೇ ಮಾಡಿ ರಾಮ್ಸ್ ತಂಡವನ್ನು 15-6ಕ್ಕೆ ಸೋಲಿಸಿದ್ದರು. ಆ ದಿನ ರಾಮ್ಸ್ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ನಾಲ್ಕು ಇಂಟರ್‌ಸೆಪ್ಷನ್ ಕೊಟ್ಟರು. ಬೆಲಿಚಿಕ್ ಅದನ್ನು ನೋಡಿದ್ದರು, ಕಲಿತಿದ್ದರು. ಇನ್ನೊಬ್ಬರಿಂದ ಕಲಿಯುವುದನ್ನು ಅವರು ಯಾವತ್ತೂ ಸಣ್ಣದು ಅಂದುಕೊಂಡವರಲ್ಲ. ನನಗೆ ಅವರಲ್ಲಿ ತುಂಬಾ ಇಷ್ಟವಾಗುವುದು ಅದೇ.

ಇನ್ನು ನೀವು ಕೇಳಿದ್ದು, ಯಾಕೆ ಬದಲಾಯಿಸಲಿಲ್ಲ ಅಂತ. ಕೋಚ್ ತನ್ನ ಕ್ವಾರ್ಟರ್‌ಬ್ಯಾಕ್ ಜೊತೆ ಹೆಲ್ಮೆಟ್ ಒಳಗಿನ ಸ್ಪೀಕರ್ ಮೂಲಕ ಮಾತಾಡಬಹುದು. ಆದರೆ ಪ್ಲೇ ಕ್ಲಾಕ್‌ನಲ್ಲಿ (ಮುಂದಿನ ಆಟ ಶುರು ಮಾಡಲು ಇರುವ ಗಡುವಿನ ಗಡಿಯಾರ) 15 ಸೆಕೆಂಡ್ ಉಳಿದಾಗ ಅದು ಬಂದ್ ಆಗುತ್ತದೆ. ಮೆಕ್‌ವೇ ತಮ್ಮ ಹುಡುಗರನ್ನು ಬೇಗ ಬೇಗ ಸಾಲಿಗೆ ನಿಲ್ಲಿಸಿ, ಆ 15 ಸೆಕೆಂಡ್ ಬರುವುದರೊಳಗೆ ಎದುರಿನ ಡಿಫೆನ್ಸ್ ಓದಿ ಗಾಫ್ ಕಿವಿಗೆ ಹೇಳುತ್ತಿದ್ದರು. ಪೇಟ್ರಿಯಟ್ಸ್ ಅದಕ್ಕೂ ಮದ್ದು ತಂದಿದ್ದರು ಅಂತ ಪಂದ್ಯದ ನಂತರ ಪತ್ರಿಕೆಗಳಲ್ಲಿ ಬಂತು. ಒಂದೇ ಸಲ ಎರಡು ಪ್ಲಾನ್ ಹೇಳಿಕೊಂಡು ಬಂದು ನಿಲ್ಲುವುದು. ಸ್ಪೀಕರ್ ಬಂದ್ ಆಗುವ ತನಕ ಒಂದರ ಥರ ನಿಲ್ಲುವುದು, ಆದ ಮೇಲೆ ಇನ್ನೊಂದಕ್ಕೆ ಜರುಗುವುದು. ಆಮೇಲೆ ಗಾಫ್ ಒಬ್ಬರೇ. ಅವರಿಗೆ ಆಗ 24 ವರ್ಷ, ಮೂರನೇ ಸೀಸನ್.

ಮೆಕ್‌ವೇ ಪಂದ್ಯ ಮುಗಿದ ಮೇಲೆ ಎಲ್ಲರ ಮುಂದೆ, ಕೋಚಿಂಗ್‌ನಲ್ಲಿ ತಾವೇ ಸೋತದ್ದು ಅಂತ ಒಪ್ಪಿಕೊಂಡರು. ಅದಕ್ಕೆ ಅವರ ಮೇಲಿನ ಗೌರವ ಇನ್ನೂ ಹೆಚ್ಚಾಯಿತು.

ತುಂಗಾ ತೀರ

ನಾನು ನ್ಯೂಜೆರ್ಸಿಯಿಂದ. ನನ್ನ ಮಗ ಹೈಸ್ಕೂಲ್ ತಂಡದಲ್ಲಿ ಸೇಫ್ಟಿ, ಅಂದರೆ ಡಿಫೆನ್ಸ್‌ನ ಹಿಂದಿನ ಸಾಲಿನಲ್ಲಿ ನಿಲ್ಲುವವನಾಗಿ ಆಡುತ್ತಾನೆ. ಅವನಿಂದ ಈ ಆಟ ಕಲಿತೆ. ಮೊದಲೆಲ್ಲ ಅವನಿಗೆ ಎಲ್ಲಿ ಪೆಟ್ಟಾಗುತ್ತದೋ ಅಂತ ಕಣ್ಣು ಮುಚ್ಚಿಕೊಂಡೇ ಕೂತಿರುತ್ತಿದ್ದೆ.

ಈ ಪಂದ್ಯವನ್ನು ಅವನು ನನಗೆ ಊಟದ ಮೇಜಿನ ಮೇಲೆ ತೋರಿಸಿದ. ನಾಲ್ಕು ಸ್ಟೀಲ್ ಲೋಟ ಒಂದು ಸಾಲಿನಲ್ಲಿ ಇಟ್ಟ. ಇವರು ಹಿಂದಿನ ನಾಲ್ವರು ಅಂದ. ಎದುರುಗಡೆ ಉಪ್ಪಿನಕಾಯಿ ಬಾಟಲಿ, ಅದು ರಾಮ್ಸ್‌ನ ರಿಸೀವರ್ ಬ್ರ್ಯಾಂಡಿನ್ ಕುಕ್ಸ್. ಮೂರನೇ ಕ್ವಾರ್ಟರ್ ಮುಗಿಯುವುದಕ್ಕೆ ನಾಲ್ಕು ನಿಮಿಷದ ಆಸುಪಾಸು. ಬಾಟಲಿಯನ್ನು ಲೋಟಗಳ ನಡುವೆ ಜಾರಿಸಿ ಮೇಜಿನ ಅಂಚಿಗೆ ತಂದು ನಿಲ್ಲಿಸಿದ. "ಅಮ್ಮಾ, ನೋಡು, ಸುತ್ತ ಯಾರೂ ಇಲ್ಲ. ಎಂಡ್ ಝೋನ್ ಒಳಗೆ ಒಬ್ಬನೇ." ಗಾಫ್ ಅವರನ್ನು ನೋಡಿದರು, ಆದರೆ ಒಂದು ಗಳಿಗೆ ತಡವಾಗಿ. ಚೆಂಡು ಗಾಳಿಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಉಳಿಯಿತು. ಅಷ್ಟರಲ್ಲಿ ಆ ಕೊನೆಯ ಲೋಟವನ್ನು ಮಗ ಮೇಜಿನ ಇನ್ನೊಂದು ಬದಿಯಿಂದ ಸರ್ರಂತ ತಳ್ಳಿಕೊಂಡು ಬಂದ. ಬಾಟಲಿಗೆ ಠಣ್ ಅಂತ ತಾಗಿತು.

ಆ ಲೋಟ ಜೇಸನ್ ಮೆಕಾರ್ಟಿ. ಕುಕ್ಸ್ ಅವರನ್ನು ಕಾಯುವುದು ಅವರ ಕೆಲಸವೇ ಆಗಿರಲಿಲ್ಲ. ತನ್ನ ಪಾಲಿನ ಜಾಗಕ್ಕೆ ಯಾರೂ ಬರುತ್ತಿಲ್ಲ ಅಂತ ಗೊತ್ತಾದ ಕೂಡಲೇ ತಲೆ ಎತ್ತಿ ನೋಡಿದ್ದಾರೆ. ಆಮೇಲೆ ಓಡಿದ್ದಾರೆ. ಚೆಂಡು ಕುಕ್ಸ್ ಕೈ ಸೇರುವ ಹೊತ್ತಿಗೆ ಬಂದು ಅದನ್ನು ಉದುರಿಸಿದರು. ಅದು ಟಚ್‌ಡೌನ್ ಆಗಿದ್ದರೆ ರಾಮ್ಸ್ 7-3 ಮುಂದೆ. ಆ ಸಲ ಅವರಿಗೆ ಸಿಕ್ಕಿದ್ದು 53 ಗಜದ ಫೀಲ್ಡ್ ಗೋಲ್ ಮಾತ್ರ, ಅಂದರೆ ಕಂಬಗಳ ನಡುವೆ ಒದ್ದು ಗಳಿಸುವ ಮೂರು ಅಂಕ. 3-3.

ಹಾಸನದ ಹುಡುಗ

ಮೇಡಂ, ಲೋಟದ ವಿವರಣೆ ಓದಿ ಈಗ ಆ ಆಟ ಹುಡುಕಿ ನೋಡಿದೆ. ಅದು ಡೆವಿನ್ ಮೆಕಾರ್ಟಿ ಅಲ್ವಾ? ತಂಡದ ಕ್ಯಾಪ್ಟನ್?

ತುಂಗಾ ತೀರ

ಅಲ್ಲಪ್ಪ, ಡೆವಿನ್ ನಂಬರ್ 32. ಇವರು 30, ಜೇಸನ್. ಇಬ್ಬರೂ ಅವಳಿ ಜವಳಿ, ಅದಕ್ಕೇ ಎಲ್ಲರಿಗೂ ಗೊಂದಲ. ಡೆವಿನ್ ಶುರುವಿನಿಂದಲೂ ಪೇಟ್ರಿಯಟ್ಸ್‌ನಲ್ಲೇ ಇದ್ದು ಪ್ರಶಸ್ತಿಗಳನ್ನು ಕಂಡವರು. ಜೇಸನ್ ಅದರ ಹಿಂದಿನ ವರ್ಷ ಇದ್ದದ್ದು ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನಲ್ಲಿ. ಆ ವರ್ಷ ಬ್ರೌನ್ಸ್ 16 ಪಂದ್ಯ ಆಡಿ 16ನ್ನೂ ಸೋತಿತ್ತು. ಒಂದು ಗೆಲುವೂ ಇಲ್ಲದ ವರ್ಷ ಕಳೆದು ಬಂದವರು ಈ ಓಟ ಓಡಿದರು ಅಂತ ನೆನೆಸಿಕೊಂಡರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಪಡುವಣ ಕರಾವಳಿ

ನಾನು ರಾಮ್ಸ್ ಅಭಿಮಾನಿ. ಲಾಸ್ ಏಂಜಲಿಸ್‌ನಲ್ಲಿ ಇದ್ದೇನೆ. ಈ ಪಂದ್ಯದ ಮಾತು ಬಂದಾಗಲೆಲ್ಲ ನನಗೆ ಒಂದೇ ನೋವು. ಎಲ್ಲರೂ ಬೆಲಿಚಿಕ್ ಬೆಲಿಚಿಕ್ ಅನ್ನುತ್ತಾರೆ. ನಮ್ಮ ಡಿಫೆನ್ಸ್ ಹೆಸರು ಯಾರೂ ಎತ್ತುವುದಿಲ್ಲ.

ಗೆದ್ದ ತಂಡ 13 ಅಂಕ ಮಾತ್ರ ಗಳಿಸಿದ ಸೂಪರ್ ಬೌಲ್ ಅದಕ್ಕೂ ಮುಂಚೆ ಆಗಿರಲಿಲ್ಲ. ಟಾಮ್ ಬ್ರೇಡಿಯಂಥವರಿಗೆ ಒಂದು ಟಚ್‌ಡೌನ್ ಪಾಸ್ ಕೂಡ ಕೊಡಲಿಲ್ಲ ನಮ್ಮವರು. ಮೊದಲ ಪಾಸನ್ನೇ ನಿಕೆಲ್ ರೋಬಿ-ಕೋಲ್ಮನ್ ತಟ್ಟಿದರು, ಕೋರಿ ಲಿಟಲ್ಟನ್ ಹಿಡಿದರು. ಆ್ಯರನ್ ಡೊನಾಲ್ಡ್ ಇದ್ದರು, ಆ ಸೀಸನ್‌ನಲ್ಲಿ 20.5 ಸ್ಯಾಕ್ (ಪಾಸ್ ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು) ಮಾಡಿದ್ದವರು. ಪಕ್ಕದಲ್ಲಿ ಎನ್‌ಡಾಮುಕಾಂಗ್ ಸೂ. ಡಿಫೆನ್ಸ್ ನಡೆಸಿದ ವೇಡ್ ಫಿಲಿಪ್ಸ್‌ಗೆ ಆಗ 71 ವರ್ಷ. 53 ನಿಮಿಷ ಆ ಮನುಷ್ಯ ಬ್ರೇಡಿಯನ್ನು ಎಂಡ್ ಝೋನ್ ಹತ್ತಿರ ಸೇರಿಸಲಿಲ್ಲ. ಅಷ್ಟೂ ಹೊತ್ತು ನಮ್ಮ ಅಫೆನ್ಸ್ ಮೂರು ಆಟ ಆಡುವುದು, ಆಚೆ ಬರುವುದು. ಡಿಫೆನ್ಸ್ ಹುಡುಗರಿಗೆ ನೀರು ಕುಡಿಯುವಷ್ಟೂ ಪುರುಸೊತ್ತು ಸಿಗಲಿಲ್ಲ.

ಜಾನಿ ಹೆಕ್ಕರ್ ಅವರನ್ನೂ ಮರೆಯಬೇಡಿ. ಮೂರನೇ ಕ್ವಾರ್ಟರ್‌ನಲ್ಲಿ ನಮ್ಮ ಎಂಡ್ ಝೋನ್ ಪಕ್ಕದಿಂದ 65 ಗಜ ಒದ್ದರು. ಸೂಪರ್ ಬೌಲ್ ದಾಖಲೆ ಅದು. ಒಂಬತ್ತು ಸಲ ಬಂದು ಒದ್ದು ತಂಡವನ್ನು ಉಳಿಸಿದ ಮನುಷ್ಯ. ಪಂಟರ್‌ಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅವತ್ತು ನಾನು ತಟ್ಟಿದೆ.

ಗಾಫ್ ಬಗ್ಗೆ ಕೆಟ್ಟ ಮಾತು ಆಡುವವರಿಗೆ ಒಂದು ಮಾತು. ನಾಲ್ಕು ಸಲ ಸ್ಯಾಕ್ ಆದರು. ಗರ್ಲಿ ಮೊಣಕಾಲು ಸೀಸನ್ ಕೊನೆಯಲ್ಲೇ ಕೈಕೊಟ್ಟಿತ್ತು. ಸೋತದ್ದು ಅವರೊಬ್ಬರಿಂದ ಅಲ್ಲ.

ಚಾರ್ಲ್ಸ್ ನದಿ ದಂಡೆ

ಪಡುವಣ ಕರಾವಳಿ ಅವರೇ, ನಿಮ್ಮ ಮಾತು ನೂರಕ್ಕೆ ನೂರು ಸರಿ. ನಾನು ಮೊದಲೇ ಬರೆಯಬೇಕಿತ್ತು. ಇದು ಎರಡು ಡಿಫೆನ್ಸ್‌ಗಳ ಪಂದ್ಯ. ನಮ್ಮ ಪೇಟ್ರಿಯಟ್ಸ್ ಕಡೆಯ ಕಿಕ್ಕರ್ ಸ್ಟೀಫನ್ ಗೊಸ್ಕೋವ್ಸ್ಕಿ ಶುರುವಿನಲ್ಲೇ 46 ಗಜದ ಫೀಲ್ಡ್ ಗೋಲ್ ತಪ್ಪಿಸಿದಾಗ, ಇವತ್ತು ಆ ಮೂರು ಅಂಕವೇ ಮುಳುವಾಗುತ್ತದೆ ಅಂತ ನಾನು ಹೆದರಿದ್ದೆ. ಯಾಕೆಂದರೆ ನಿಮ್ಮವರು ಅಷ್ಟು ಬಿಗಿಯಾಗಿದ್ದರು.

ಆ ಒಂದು ಟಚ್‌ಡೌನ್ ಹೇಗೆ ಬಂತು ಅಂತ ನೋಡಿದರೆ ನಿಮ್ಮ ಡಿಫೆನ್ಸ್ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತದೆ. ಏನು ಮಾಡಿದರೂ ಆಗದೆ, ನಾಲ್ಕನೇ ಕ್ವಾರ್ಟರ್‌ನಲ್ಲಿ ಪೇಟ್ರಿಯಟ್ಸ್ ಅಫೆನ್ಸ್ ನಡೆಸುತ್ತಿದ್ದ ಜಾಷ್ ಮೆಕ್‌ಡ್ಯಾನಿಯಲ್ಸ್ ಇಬ್ಬರು ಟೈಟ್ ಎಂಡ್, ಇಬ್ಬರು ಬ್ಯಾಕ್‌ಗಳನ್ನು ಇಳಿಸಿದರು. ನೋಡಿದರೆ ಓಟಕ್ಕೆ ಬಂದ ಭಾರಿ ಆಳುಗಳು. ರಾಮ್ಸ್ ಕೂಡ ಅದಕ್ಕೆ ತಕ್ಕಂತೆ ದೊಡ್ಡ ಆಳುಗಳನ್ನು ಇಳಿಸಿತು. ಆಗ ಪೇಟ್ರಿಯಟ್ಸ್ ಅವರೆಲ್ಲರನ್ನೂ ಅಗಲಕ್ಕೆ ಹರಡಿ ಪಾಸ್ ಎಸೆಯಿತು. ಒಂದೇ ಆಟ, ಬೆನ್ನು ಬೆನ್ನಿಗೆ ಮೂರು ಸಲ. ಮೂರನೆಯದು ಟೈಟ್ ಎಂಡ್ ರಾಬ್ ಗ್ರಾಂಕೌಸ್ಕಿಗೆ 29 ಗಜ. ಸುತ್ತ ರಾಮ್ಸ್ ಹುಡುಗರು ಇದ್ದರು. ಆದರೂ ಬ್ರೇಡಿ ಅವರೆಲ್ಲರ ತಲೆ ಮೇಲಿಂದ ಹಾಕಿದರು, ಗ್ರಾಂಕ್ ಬಿದ್ದು ಹಿಡಿದರು. ಎರಡು ಗಜ ಉಳಿದಿತ್ತು. ರನ್ನಿಂಗ್ ಬ್ಯಾಕ್ ಸೋನಿ ಮಿಶೆಲ್ ನುಗ್ಗಿದರು. 10-3.

ಕಬಡ್ಡಿ ಪ್ರೇಮಿ

ನಾನು ಮಂಡ್ಯದವನು, ಕೆಲಸ ಡಲ್ಲಾಸ್‌ನಲ್ಲಿ. ನನಗೆ ಈ ಪಂದ್ಯ ನೋಡುವಾಗ ಕಬಡ್ಡಿಯೇ ನೆನಪಾಗುತ್ತಿತ್ತು. ಊರಲ್ಲಿ ಹಬ್ಬದ ಪಂದ್ಯ ನಡೆದರೆ ರೈಡರ್ ಹೆಸರು ಕೂಗುವವರು ನೂರು ಜನ. ಆದರೆ ಕಟ್ಟೆ ಮೇಲೆ ಕೂತ ಹಿರಿಯರು ನೋಡುವುದು ಕಾರ್ನರ್‌ನಲ್ಲಿ ನಿಂತವನ ಕಾಲನ್ನು. ಕೈಕೈ ಹಿಡಿದ ಸರಪಳಿ ಯಾವಾಗ ಮುಚ್ಚುತ್ತದೆ ಅನ್ನುವುದನ್ನು. ಪೇಟ್ರಿಯಟ್ಸ್ ಆರು ಜನ ಸಾಲಾಗಿ ನಿಂತದ್ದು ನೋಡಿದಾಗ ನನಗೆ ಅದೇ ಕಂಡಿತು.

ನನ್ನ ಪ್ರಶ್ನೆ ಬೇರೆ. ಡಿಫೆನ್ಸ್ ಗೆದ್ದ ಪಂದ್ಯದಲ್ಲಿ ಎಂವಿಪಿ (ಪಂದ್ಯದ ಶ್ರೇಷ್ಠ ಆಟಗಾರ) ಪ್ರಶಸ್ತಿ ಪೇಟ್ರಿಯಟ್ಸ್ ರಿಸೀವರ್ ಜೂಲಿಯನ್ ಎಡಲ್ಮನ್‌ಗೆ ಯಾಕೆ? ನನ್ನ ಪ್ರಕಾರ ಅದು ಅವರ ಡಿಫೆನ್ಸ್‌ನ ಸ್ಟೀಫನ್ ಗಿಲ್ಮೋರ್‌ಗೆ ಸಿಗಬೇಕಿತ್ತು.

ಪಡುವಣ ಕರಾವಳಿ

ಎಡಲ್ಮನ್ 10 ಕ್ಯಾಚ್, 141 ಗಜ ಗುರು. ನಮ್ಮವರ ಕೈಗೆ ಒಂದು ಸಲವೂ ನೆಟ್ಟಗೆ ಸಿಗಲಿಲ್ಲ. ಅಂಥ ಬಿಗಿ ಪಂದ್ಯದಲ್ಲಿ ಅಷ್ಟು ಮಾಡಿದವರಿಗೆ ಕೊಟ್ಟದ್ದು ತಪ್ಪಲ್ಲ. ಸೋತವನಾಗಿ ಹೇಳುತ್ತಿದ್ದೇನೆ.

ತುಂಗಾ ತೀರ

ನಾನು ಕಬಡ್ಡಿ ಪ್ರೇಮಿ ಅವರ ಕಡೆ. ಗಿಲ್ಮೋರ್, ಇಲ್ಲವೇ ಎರಡು ಸ್ಯಾಕ್ ಮಾಡಿದ ಡಾಂಟೆ ಹೈಟವರ್. ಸೇಫ್ಟಿ ಪ್ಯಾಟ್ರಿಕ್ ಚುಂಗ್ ಮೂರನೇ ಕ್ವಾರ್ಟರ್‌ನಲ್ಲಿ ಕೈ ಮುರಿದುಕೊಂಡು ಆಚೆ ಹೋದರು. ಅಂಥ ಹೊತ್ತಿನಲ್ಲೂ ಹಿಂದಿನ ಸಾಲು ಹರಿಯಲಿಲ್ಲ. ಮಗನ ತಂಡದಲ್ಲಿ ಒಬ್ಬ ಸೇಫ್ಟಿ ಪೆಟ್ಟಾಗಿ ಕೂತರೆ ಉಳಿದ ಮೂವರಿಗೆ ಎಷ್ಟು ಕಷ್ಟ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಗಿಲ್ಮೋರ್ ಇಂಟರ್‌ಸೆಪ್ಷನ್ ಬಗ್ಗೆ ಯಾರಾದರೂ ಬರೆಯಿರಿ, ನನಗಿಂತ ಚೆನ್ನಾಗಿ ಬರೆಯುವವರು.

ಚಾರ್ಲ್ಸ್ ನದಿ ದಂಡೆ

ನಾನೇ ಬರೆಯುತ್ತೇನೆ ಮೇಡಂ, ಆ ಕ್ಷಣ ಕಣ್ಣಿಗೆ ಕಟ್ಟಿದ ಹಾಗಿದೆ.

ನಾಲ್ಕು ನಿಮಿಷ ಚಿಲ್ಲರೆ ಉಳಿದಿತ್ತು. ರಾಮ್ಸ್ ನಮ್ಮ 27 ಗಜದ ಗೆರೆಗೆ ಬಂದಿತ್ತು. ಒಂದು ಟಚ್‌ಡೌನ್ ಆದರೆ ಸಮ. ಅದರ ಹಿಂದಿನ ಆಟದಲ್ಲೇ ಕುಕ್ಸ್ ಕೈಗೆ ಚೆಂಡು ತಾಗಿ ಜಾರಿತ್ತು. ಬೇಸ್‌ಮೆಂಟ್‌ನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅಜ್ಜಿಯೂ ಮುಂದಕ್ಕೆ ಬಾಗಿ ಕೂತಿದ್ದರು.

ಅಷ್ಟು ಹೊತ್ತು ಜಾಗ ಕಾದುಕೊಂಡು ನಿಂತಿದ್ದವರು ಆ ಒಂದು ಆಟದಲ್ಲಿ ನುಗ್ಗಿಬಿಟ್ಟರು. ಹಿಂದೆ ನಿಲ್ಲಬೇಕಾದ ಸೇಫ್ಟಿ ಡ್ಯೂರಾನ್ ಹಾರ್ಮನ್ ನೇರವಾಗಿ ಗಾಫ್ ಮೇಲೆ ಹೋದರು, ಅಡ್ಡ ಹಾಕುವವರೇ ಇಲ್ಲ. ಗಾಫ್ ಹಿಂದೆ ಹಿಂದೆ ಹೋಗುತ್ತಾ, ಕಾಲು ಊರಲೂ ಆಗದೆ, ಕುಕ್ಸ್ ಇರುವ ಕಡೆ ಮೇಲಕ್ಕೆ ಎಸೆದರು. ಚೆಂಡಿಗೆ ಶಕ್ತಿಯೇ ಇರಲಿಲ್ಲ. ಗಿಲ್ಮೋರ್ ಕೆಳಗೆ ನಿಂತು, ಮನೆಯಂಗಳದಲ್ಲಿ ಮಾವಿನಕಾಯಿ ಬೀಳುವುದನ್ನು ಕಾಯುವವರ ಹಾಗೆ ಕಾದು ಹಿಡಿದರು. ನಮ್ಮ ನಾಲ್ಕು ಗಜದ ಗೆರೆ ಹತ್ತಿರ.

ಆಮೇಲೆ ನಡೆದದ್ದೂ ಚಂದವೇ. ಆ ನಾಲ್ಕು ಗಜದಿಂದ ಬರೀ ಓಡಿ ಓಡಿ 72 ಗಜ ಹೋದರು. ಮಿಶೆಲ್ ಒಮ್ಮೆ 26, ರೆಕ್ಸ್ ಬರ್ಕ್‌ಹೆಡ್ ಒಮ್ಮೆ 26. ಮೂರು ನಿಮಿಷ ತಿಂದು 41 ಗಜದ ಫೀಲ್ಡ್ ಗೋಲ್. 13-3. ಮೊದಲ ಕ್ವಾರ್ಟರ್‌ನಲ್ಲಿ ತಪ್ಪಿಸಿದ್ದ ಅದೇ ಗೊಸ್ಕೋವ್ಸ್ಕಿ.

ಎಂವಿಪಿ ವಿಷಯಕ್ಕೆ ನಾನೂ ಗಿಲ್ಮೋರ್ ಕಡೆಯೇ.

ಹಾಸನದ ಹುಡುಗ

ಇದನ್ನೆಲ್ಲ ಓದುತ್ತಾ ಒಂದು ಗಮನಿಸಿದೆ. 2002ರ ಸೂಪರ್ ಬೌಲ್ ಕೂಡ ಪೇಟ್ರಿಯಟ್ಸ್–ರಾಮ್ಸ್ ನಡುವೆ, ಅದೂ ಫೆಬ್ರುವರಿ 3ಕ್ಕೇ. ಸರಿಯಾಗಿ 17 ವರ್ಷ. ಆಗ ರಾಮ್ಸ್ ಸೇಂಟ್ ಲೂಯಿಸ್‌ನಲ್ಲಿತ್ತು.

ಚಾರ್ಲ್ಸ್ ನದಿ ದಂಡೆ

ಹೌದು! ಆಗಲೂ ರಾಮ್ಸ್ ಅಂದರೆ ಅಂಕದ ಹೊಳೆ, ಆ ಸೀಸನ್‌ನಲ್ಲಿ 503. ಬೆಲಿಚಿಕ್ ಅವತ್ತು ಹಿಡಿದ ದಾರಿ ಬೇರೆ. ಚೆಂಡು ಎಲ್ಲಿದ್ದರೂ ಇರಲಿ, ರಾಮ್ಸ್ ರನ್ನಿಂಗ್ ಬ್ಯಾಕ್ ಮಾರ್ಷಲ್ ಫಾಕ್ ಎಲ್ಲಿ ನಿಂತರೂ ಅವರಿಗೆ ಗುದ್ದಿ ಅಂತ ಹುಡುಗರಿಗೆ ಹೇಳಿದ್ದರು. 20-17ಕ್ಕೆ ಗೆದ್ದರು. ಪೇಟ್ರಿಯಟ್ಸ್‌ನಲ್ಲಿ ಬೆಲಿಚಿಕ್ ಮತ್ತು ಬ್ರೇಡಿಗೆ ಅದು ಮೊದಲ ಪ್ರಶಸ್ತಿ, ಅಟ್ಲಾಂಟಾದ್ದು ಆರನೆಯದು. ಇನ್ನೂ ಹಿಂದೆ ಹೋದರೆ 1991ರ ಸೂಪರ್ ಬೌಲ್. ಬೆಲಿಚಿಕ್ ಆಗ ನ್ಯೂಯಾರ್ಕ್ ಜೈಂಟ್ಸ್ ಡಿಫೆನ್ಸ್ ನೋಡಿಕೊಳ್ಳುತ್ತಿದ್ದರು. ಬಫಲೋ ಬಿಲ್ಸ್ ವಿರುದ್ಧ, ಅವರ ರನ್ನಿಂಗ್ ಬ್ಯಾಕ್ ಥರ್ಮನ್ ಥಾಮಸ್ ಬೇಕಾದಷ್ಟು ಓಡಲಿ, ಪಾಸ್ ಬಿಡಬೇಡಿ ಅಂದರು. ಥಾಮಸ್ 135 ಗಜ ಓಡಿದರು, ಜೈಂಟ್ಸ್ 20-19ಕ್ಕೆ ಗೆದ್ದಿತು. ಅವರು ಬರೆದಿಟ್ಟ ಆ ಪ್ಲಾನ್ ಕ್ಯಾಂಟನ್ ಊರಿನ ಹಾಲ್ ಆಫ್ ಫೇಮ್‌ನಲ್ಲಿದೆ. ಮೂರು ಪಂದ್ಯ, ಮೂರು ಬೇರೆ ಬೇರೆ ಉಪಾಯ. ಹೋದ ಸಲ ಗೆದ್ದದ್ದನ್ನೇ ಮತ್ತೆ ಹಿಡಿದುಕೊಂಡು ಬರಲಿಲ್ಲ.

ಹಾಸನದ ಹುಡುಗ

ಈ ಭಾನುವಾರ ಪೂರ್ತಿ ಪಂದ್ಯ ನೋಡಬೇಕು ಅಂತಿದ್ದೇನೆ ಸರ್. ಮನೆಯಲ್ಲಿ ತಮ್ಮನೂ ಕೂರುತ್ತಾನೆ, ಅವನಿಗೆ ಆಟ ಅಷ್ಟಾಗಿ ಗೊತ್ತಿಲ್ಲ. ಏನು ನೋಡು ಅಂತ ಹೇಳಲಿ?

ತುಂಗಾ ತೀರ

ಮೊದಲ ಅರ್ಧದಲ್ಲಿ ರಾಮ್ಸ್‌ನವರು ಅಡ್ಡ ಓಡಿದಾಗ ಹಿಂದಿನ ನಾಲ್ವರ ಕಾಲು ನೋಡಲು ಹೇಳಿ. ಕದಲುವುದಿಲ್ಲ. ಮೂರನೇ ಕ್ವಾರ್ಟರ್ ಕೊನೆಗೆ ಬಂದಾಗ ಚೆಂಡು ನೋಡಬೇಡ ಅನ್ನಿ. 30ನೇ ನಂಬರ್ ಎಲ್ಲಿ ನಿಂತಿದೆ ಅಂತ ಮೊದಲೇ ಬೆರಳಿಟ್ಟು ತೋರಿಸಿ, ಅಲ್ಲಿಂದ ಕಣ್ಣು ತೆಗೆಯದೆ ನೋಡಲಿ.